ರೊಟ್ಟಿಯ ಹಂಚಿನ ಮೇಲೆ ಗೆದ್ದ ಬಣ್ಣ

ನನ್ನ ಮೈದುನ ಫೈಜಾನನಿಗೆ ಎರಡೇ ಕೆಲಸ ಬರುತ್ತವೆ. ಒಂದು, ಕೆಡಿಸುವುದು. ಇನ್ನೊಂದು, ಕೆಟ್ಟದ್ದನ್ನು ಮಾರೋಣ ಎನ್ನುವುದು.

ನಮ್ಮ ಮನೆಯವರು, ಮುರ್ತುಜಸಾಬರು, ತೀರಿಕೊಂಡು ಎಂಟು ತಿಂಗಳಾಯಿತು. ಬಿಟ್ಟುಹೋದದ್ದು ನನ್ನನ್ನು, ಮತ್ತೆ ಐವತ್ತು ವರ್ಷದ ಅಂಬಾಸಿಡರ್ ಕಾರನ್ನು. ಇಬ್ಬರಲ್ಲಿ ಅವರು ಹೆಚ್ಚು ವಿಚಾರಿಸಿಕೊಂಡದ್ದು ಕಾರನ್ನೇ. (ಜಗಳಾಡೋಣವೆಂದರೆ ಈಗ ಅವರಿಲ್ಲ. ಅದೇ ದುಃಖ.)

ಎಂಜಿನ್ ಚಂದ ಕಾಣಲಿ ಎಂದು ಫೈಜಾನ ಮನೆಯ ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅದಕ್ಕೂ ಬಳಿದ. ಇಳಕಲ್ ಬಿಟ್ಟು ಹುನಗುಂದ ಮುಟ್ಟುವುದರೊಳಗೆ ಬಣ್ಣ ಹಪ್ಪಳದಂತೆ ಉಬ್ಬಿ ಹೊಗೆ ಎದ್ದಿತು. ನಮ್ಮ ಅತ್ತೆ ಹಜರತಬಿ ‘ಅಲ್ಲಾ’ ಎಂದವರೇ ಹೊರಗೆ ಜಿಗಿದರು. ಮೊಣಕಾಲು ನೋವೆಂದು ನೀರಿನ ತಂಬಿಗೆಯನ್ನೂ ನನ್ನಿಂದಲೇ ತರಿಸುವವರು!

“ಭಾಬಿ, ಹಳೇ ಕಬ್ಬಿಣಾ ಕೊಳ್ಳೂ ಮೋಡಕಾದವಗ ಕೊಟ್ಟಬಿಡೂಣು,” ಎಂದ ಫೈಜಾನ. “ಇದು ಕಾರ್ ಅಲ್ಲ, ಒಲಿ.”

“ಒಲಿ ಅಂದ್ರ ನನಗ ಬಿಡು. ನಾ ಬಣ್ಣಾ ಹಚ್ತೇನಿ. ಹೊಗಿ ಬಂದ್ರ ಮಾರು. ಬರಲಿಲ್ಲಂದ್ರ ಕಾರು ನನ್ನ ಹೆಸರಿಗೆ.”

“ನೀವಾ? ಹೊಗಿ ಬರಲಿಲ್ಲಂದ್ರ ನಾನ ನಿಂತು ಕಾಗದಾ ಮಾಡಿಸಿ ಕೊಡ್ತೇನಿ, ಹೋಗ್ರಿ!”

ಅತ್ತೆಯೇ ಸಾಕ್ಷಿ.

ಬಣ್ಣದ ಅಂಗಡಿಯ ನಾಗಲಿಂಗ ಮೂರು ಡಬ್ಬಿ ಇಟ್ಟ. “ಮೂರೂ ಶಾಖ ತಡೀತಾವ್ರಿ ಅಕ್ಕಾರ. ಇದು ಇನ್ನೂರು ಡಿಗ್ರಿ, ಇದು ನಾನೂರು, ಇದು ಆರನೂರು.”

“ಡಿಗ್ರಿ ತಿಳಿಯೂವಷ್ಟು ನಾ ಸಾಲಿ ಕಲ್ತಿಲ್ಲಪಾ. ಮೂರನ್ನೂ ಒಂದೊಂದು ಪಟ್ಟಿ ಇದಕ್ಕ ಹಚ್ಚು,” ಎಂದು ಚೀಲದಿಂದ ರೊಟ್ಟಿಯ ಹಳೆಯ ಹಂಚು ತೆಗೆದೆ.

“ಅಕ್ಕಾರ, ಇದು ಬಣ್ಣದ ಅಂಗಡಿರಿ!”

“ಗೊತ್ತೈತಿ. ಖಾನಾವಳಿ ಅಂತ ಬಂದಿಲ್ಲ.”

ಮನೆಯಲ್ಲಿ ಹಂಚು ಒಣಗಿಸಿ ಒಲೆಗೆ ಏರಿಸಿದೆ. ಇಪ್ಪತ್ತು ರೊಟ್ಟಿ ಬೇಯುವಷ್ಟು ಹೊತ್ತು ಉರಿ ಹಾಕಿದೆ. ಮೊದಲನೆಯದು ಕರಿದಾಯಿತು. ಎರಡನೆಯದು ಸಿಪ್ಪೆ ಬಿಟ್ಟಿತು. ಮೂರನೆಯದು, ಬೆಳ್ಳಿ ಬಣ್ಣದ್ದು, ಮಿಸುಕಲಿಲ್ಲ. ಇಪ್ಪತ್ತು ವರ್ಷ ರೊಟ್ಟಿ ಬಡಿದು ಮಾರಿದವಳು ನಾನು. ಹಂಚು ನನಗೆ ಸುಳ್ಳು ಹೇಳುವುದಿಲ್ಲ.

ಎರಡು ದಿನ ಹಸಿರು ಬಣ್ಣ ಕೆರೆದೆ. ಸೀಮೆಎಣ್ಣೆಯಿಂದ ಜಿಡ್ಡು ತೆಗೆದೆ, ಸೋಪು ಹಾಕಿ ತೊಳೆದೆ, ಬಿಸಿಲಿಗೆ ಒಣಗಿಸಿದೆ. ಆಮೇಲೆ ತೆಳ್ಳಗೆ ಮೂರು ಕೈ ಬಣ್ಣ.

“ಈಗ ಚಾಲೂ ಮಾಡಿ ಬದಾಮಿಗೆ ಹೊಡಿಯೂಣು,” ಎಂದ ಫೈಜಾನ.

“ಹೊಸಾ ಹಂಚಿಗೆ ಮೊದಲನೇ ದಿನಾನ ದೊಡ್ಡ ಉರಿ ಹಾಕ್ತಾರೇನು? ಐದು ನಿಮಿಷ ಕಾಯಿಸು. ಆರಲಿ. ಮತ್ತ ಹತ್ತು ನಿಮಿಷ.”

“ಹೊಗಿ! ಭಾಬಿ, ಹೊಗಿ ಬಂತು!”

“ಅದು ನಿನ್ನ ಬೀಡಿದು.”

ಬಣ್ಣ ಹಚ್ಚಿದ ಮೂರನೆಯ ದಿನ ಬದಾಮಿಗೆ ಹೊರಟೆವು. ಅತ್ತೆ ಒಂದು ಕೈ ಬಾಗಿಲ ಹಿಡಿಯ ಮೇಲೆಯೇ ಇಟ್ಟು ಕುಳಿತಿದ್ದರು. ಬನಶಂಕರಿಯ ಹತ್ತಿರ ಬಾನೆಟ್ ಎತ್ತಿಸಿದೆ. ಹೊಗೆಯಿಲ್ಲ, ವಾಸನೆಯಿಲ್ಲ. ಎಂಜಿನ್ ಮದುವೆಗೆ ತಂದ ಹೊಸ ತಾಟಿನಂತೆ ಹೊಳೆಯುತ್ತಿತ್ತು. ಫೈಜಾನನ ಮುಖ ಮಾತ್ರ ಕರಿದಾಗಿತ್ತು. ನಮ್ಮ ಮನೆಯವರು ಇದ್ದಿದ್ದರೆ ಅಂದು ನನ್ನನ್ನೂ ಒಂದು ಸಲ ತಿರುಗಿ ನೋಡುತ್ತಿದ್ದರು.

ಮಾತಿನಂತೆ ಫೈಜಾನ ಕಾರನ್ನು ನನ್ನ ಹೆಸರಿಗೆ ಮಾಡಿಸಲು ಬಾಗಲಕೋಟೆಯ ಆರ್‌ಟಿಓ ಆಫೀಸಿಗೆ ಕರೆದೊಯ್ದ. ಸಾಹೇಬರು ಬಂದರು. “ಎಂಜಿನ್ ನಂಬರ್ ತೋರಸ್ರಿ. ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೀಬೇಕು.”

ನಂಬರ್ ಎಲ್ಲಿಯೂ ಇಲ್ಲ.

ಆಗ ನೆನಪಾಯಿತು. ಎಂಜಿನ್ನಿನ ಮಗ್ಗುಲಲ್ಲಿ ಒಂದು ಕಡೆ ಏನೋ ಗೀರುಗಳಿದ್ದವು. ಸವೆದು ಹಾಳಾಗಿದೆ ಎಂದು ಅಲ್ಲಿಗೆ ಮಾತ್ರ ಐದು ಕೈ ದಪ್ಪಗೆ ಬಳಿದು, ಕನ್ನಡಿ ಮಾಡಿದ್ದೆ.

“ಅದ ನಂಬರ್ ರೀ ಯಮ್ಮಾ!” ಸಾಹೇಬರು ತಲೆ ಹಿಡಿದುಕೊಂಡರು. ಥಿನ್ನರ್ ಹಾಕಿಸಿದರು. ಹೋಗಲಿಲ್ಲ. ಪೆಟ್ರೋಲ್ ಹಾಕಿಸಿದರು. ಹೋಗಲಿಲ್ಲ. “ಎಂಥಾ ಬಣ್ಣರಿ ಇದು?”

“ಭಾಳ ಛಲೋ ಬಣ್ಣರಿ,” ಎಂದೆ. ಖರೆ ಮಾತು.

ಸೆರಗು ಸಿಕ್ಕಿಸಿ, ಸ್ಕ್ರೂಡ್ರೈವರ್ ಹಿಡಿದು ಬಣ್ಣ ಕೆರೆಯುತ್ತ ನಿಂತೆ. ಸಂಜೆ ಐದಕ್ಕೆ ಕೊನೆಯ ಅಂಕಿ ಹೊರಬಿತ್ತು, ಅರ್ಜಿ ಒಳಗೆ ಹೋಯಿತು. ಅಲ್ಲಿಯವರೆಗೂ ಫೈಜಾನ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತ ಒಂದೇ ಮಾತು ಹೇಳುತ್ತಿದ್ದ:

“ಕೆರೀರಿ ಮಾಲಕರ, ಕೆರೀರಿ!”