ಸಾಮ್ರಾಟರನ್ನು ತೂಗುಹಾಕಿದ ದಾರ

ಇತಿಹಾಸ ಕಲಿಸುವವರಿಗೆ ಒಂದು ಜಡ್ಡು ಇರುತ್ತದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ರೋಮ್ ಸಾಮ್ರಾಜ್ಯ ಎಲ್ಲಿಂದ ಎಲ್ಲಿಯವರೆಗೆ ಹರಡಿತ್ತು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನಮ್ಮ ಮನೆಯ ಸಕ್ಕರೆ ಡಬ್ಬಿ ಎಲ್ಲಿದೆ ಎಂದರೆ ಹೆಂಡತಿಯನ್ನು ಕೂಗುತ್ತೇನೆ. ಅವಳು ಬಂದು ನನ್ನ ಮೂಗಿನ ಮುಂದಿದ್ದ ಡಬ್ಬಿಯನ್ನು ಎತ್ತಿಕೊಟ್ಟು, "ರೋಮ್ ಇಲ್ಲೇ ಐತ್ರಿ" ಎಂದು ಹೋಗುತ್ತಾಳೆ. ಏನು ಮಾಡಲಿ? ಚಿಮ್ಮಡದ ಕಡೆಯ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಚಕ್ರವರ್ತಿಗಳನ್ನು ಪಟ್ಟಕ್ಕೇರಿಸಿ ಇಳಿಸಿ ಸಾಕಾಗಿರಬೇಕಿತ್ತು, ಆಗಿಲ್ಲ. ಈಗಲೂ ಆ ಪಾಠ ಬಂದರೆ ಮೈ ಜುಮ್ಮೆನ್ನುತ್ತದೆ. ಹುಲ್ಲುಗಾವಲಿನಲ್ಲಿ ಕುದುರೆ ಮೇಯಿಸುತ್ತಿದ್ದವನು ಎದ್ದು ಅರ್ಧ ಜಗತ್ತನ್ನು ನಡುಗಿಸುವುದೆಂದರೇನು! ಮೆಣಸು ಬಟ್ಟೆ ಕೊಳ್ಳಲು ಹಡಗು ಹತ್ತಿ ಬಂದವರು ದೇಶದೇಶಗಳನ್ನೇ ಗಂಟು ಕಟ್ಟಿಕೊಳ್ಳುವುದೆಂದರೇನು! ಆಮೇಲೆ ಒಂದು ದಿನ ಆ ಸಿಂಹಾಸನವೂ ಇಲ್ಲ, ಹಡಗೂ ಇಲ್ಲ. ಹೇಳುತ್ತ ಹೇಳುತ್ತ ನಾನೇ ಬಾಯಿ ತೆರೆದು ನಿಂತುಬಿಡುತ್ತೇನೆ. ಹುಡುಗರು ಗಂಟೆ ಹೊಡೆಯಿತು ಎಂದು ನೆನಪಿಸಬೇಕು.

ಇಂಥ ನನಗೆ ಈ ವರ್ಷ ಶಾಲೆಯ ಪ್ರದರ್ಶನದಲ್ಲಿ "ಜಗತ್ತನ್ನು ಬದಲಿಸಿದ ನಾಯಕರು" ಎಂಬ ವಿಷಯ ಬಂತು. ಹಸಿದವನ ಮುಂದೆ ಹೋಳಿಗೆ ಇಟ್ಟ ಹಾಗಾಯಿತು. ದಪ್ಪ ರಟ್ಟಿನ ಮೇಲೆ ಒಬ್ಬೊಬ್ಬ ಚಕ್ರವರ್ತಿಯ ಚಿತ್ರ ಅಂಟಿಸಿ, ಎಲ್ಲರನ್ನೂ ಸಾಲಾಗಿ ತೂಗುಹಾಕಬೇಕು ಎಂದು ಯೋಜನೆ ಹಾಕಿದೆ. ಭಾನುವಾರ ಮಧ್ಯಾಹ್ನ ಅಶೋಕನಿಂದ ನೆಪೋಲಿಯನ್ನನವರೆಗೆ ಎಲ್ಲರೂ ತಯಾರಾದರು. ತೂಗುಹಾಕಲು ದಾರ ಮಾತ್ರ ಇರಲಿಲ್ಲ.

ಬನಹಟ್ಟಿಯಲ್ಲಿ, ಅದೂ ನೇಕಾರರ ಓಣಿಯಲ್ಲಿ, ದಾರ ಇಲ್ಲ ಎಂದರೆ ಹೊಳೆಯಲ್ಲಿ ನಿಂತು ನೀರಿಲ್ಲ ಎಂದ ಹಾಗೆ. ನಮ್ಮ ಓಣಿಯ ಅಷ್ಟೂ ಮನೆಗಳಲ್ಲಿ ಪವರ್‌ಲೂಮುಗಳು ಖಡಖಡ ಅನ್ನುತ್ತವೆ. ನಮ್ಮ ಮನೆಯಲ್ಲಿ ಮಾತ್ರ ಅಜ್ಜನ ಕಾಲದ ಕೈಮಗ್ಗ ಉಳಿದಿದೆ. ಅದರ ಒಡತಿ ನಮ್ಮ ಅವ್ವ. ಎಂಬತ್ತು ದಾಟಿದೆ. ಕಣ್ಣು ಮಂಜಾಗಿ ಎದುರು ಬಂದವರನ್ನು ದನಿಯಿಂದ ಗುರುತಿಸುತ್ತಾಳೆ, ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಳೆಂದರೆ ಕೈಗೆ ಕಣ್ಣು ಬರುತ್ತವೆ. ವರ್ಷಕ್ಕೆ ನಾಲ್ಕೈದು ಸೀರೆ ನೇಯುತ್ತಾಳೆ. "ಇದು ನಿಂತ ದಿನ ನಾನೂ ನಿಂತೆ ಅಂತ ತಿಳೀರಿ" ಎಂದು ಆಗಾಗ ಹೇಳುತ್ತಾಳೆ. ನಾನು ನೇಕಾರರ ಮಗನಾಗಿಯೂ ಆ ಕುಣಿಯಲ್ಲಿ ಕಾಲಿಟ್ಟವನಲ್ಲ. ಪುಸ್ತಕ ಹಿಡಿದ ಮಗ ಎಂದು ನನ್ನನ್ನು ಬಿಟ್ಟುಬಿಟ್ಟಿದ್ದರು.

ಆ ಭಾನುವಾರ ಮಗ್ಗ ಖಾಲಿ ಇತ್ತು. ಸೀರೆ ಕೊಯ್ದು ತೆಗೆದಾಗಿತ್ತು. ಅವ್ವ ಹೊಸ ಹಾಸು, ಅಂದರೆ ಸೀರೆಯ ಉದ್ದೆಳೆಗಳ ಸುರುಳಿ, ತರಲು ನನ್ನ ಹೆಂಡತಿಯನ್ನು ಕರೆದುಕೊಂಡು ರಬಕವಿಗೆ ಹೋಗಿದ್ದಳು. ಮಗ್ಗದ ಹಿಂದೆ ಗೇಣುದ್ದದ ಎಳೆಗಳು ಕುಚ್ಚು ಕುಚ್ಚಾಗಿ ಜೋತುಬಿದ್ದಿದ್ದವು. ನೇಯ್ದು ಮಿಕ್ಕ ಬಾಲ, ಕಸ ಎಂದುಕೊಂಡೆ. ಕತ್ತರಿ ತಂದೆ. ಒಂದೊಂದೇ ಕುಚ್ಚನ್ನು ಕತ್ತರಿಸಿ, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳೊಳಗಿಂದ ಸರ್ ಎಂದು ಎಳೆದುಕೊಂಡೆ. ಅಶೋಕನಿಗೆ ಒಂದು ಹಿಡಿ, ಚೆಂಗಿಸ್ ಖಾನನಿಗೆ ಒಂದು ಹಿಡಿ. ನೆಪೋಲಿಯನ್ನನ ರಟ್ಟು ಭಾರ ಎಂದು ಅವನಿಗೆ ಎರಡು. ಎಲ್ಲರೂ ಪಡಸಾಲೆಯಲ್ಲಿ ಗಾಳಿಗೆ ತೂಗಾಡತೊಡಗಿದಾಗ ಕೈಕಟ್ಟಿ ನಿಂತು ನನ್ನನ್ನೇ ನಾನು ಮೆಚ್ಚಿಕೊಂಡೆ.

ಸಂಜೆ ಅವ್ವ ಬಂದಳು. ಬಂದವಳೇ ರೂಢಿಯಂತೆ ಮಗ್ಗದ ಹಿಂದೆ ಕೈಯಾಡಿಸಿದಳು. ಕೈ ಬರಿಗಾಳಿಯಲ್ಲಿ ಹೋಗಿಬಂತು. ಇನ್ನೊಮ್ಮೆ ಆಡಿಸಿದಳು.

"ತಮ್ಮಾ, ಎಳಿ ಎಲ್ಲಿ ಹೋದೂವೋ?"

"ಆ ಕಸ ಏನವ್ವಾ? ಚಿತ್ರಾ ಕಟ್ಟಾಕ ತಗೊಂಡ್ನಿ."

ಅವ್ವ ಹಣಿಗೆಯ ಹಲ್ಲುಗಳನ್ನು ತಡವಿ ನೋಡಿದಳು. ಅದೂ ಖಾಲಿ. ಹೆಂಡತಿ ಹಣೆ ಬಡಿದುಕೊಂಡಳು. "ಅಯ್ಯ ಶಿವನೇ! ಏನ್ ಮಾಡಿದ್ರಿ? ನೇಕಾರ ಮನ್ಯಾಗ ಹುಟ್ಟಿ ಇಷ್ಟೂ ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿರಲಿಲ್ಲ. ಅವತ್ತು ಗೊತ್ತಾಯಿತು. ಮಗ್ಗದಲ್ಲಿ ಹೊಸ ಹಾಸನ್ನು ಯಾರೂ ಮೊದಲಿನಿಂದ ಶುರು ಮಾಡುವುದಿಲ್ಲವಂತೆ. ಹಳೆಯ ಹಾಸಿನ ಬಾಲವನ್ನು ಹಣಿಗೆಯಲ್ಲೇ ಬಿಟ್ಟು, ಹೊಸದರ ಒಂದೊಂದು ಎಳೆಯನ್ನು ಹಳೆಯದರ ಒಂದೊಂದು ಎಳೆಗೆ ಗಂಟು ಹಾಕುತ್ತಾರೆ. ಎಳೆದರೆ ಹಳೆಯದೇ ಹೊಸದನ್ನು ಕೈಹಿಡಿದು ತನ್ನ ತನ್ನ ಸಂದಿಗೆ ತಂದು ಕೂರಿಸುತ್ತದೆ. ಗಂಟು ಹಾಕಲು ಅವ್ವನಿಗೆ ಕಣ್ಣು ಬೇಡ, ಬೆರಳು ಸಾಕು. ಆದರೆ ಬಾಲವೇ ಇಲ್ಲದಿದ್ದರೆ ಸಾವಿರಗಟ್ಟಲೆ ಎಳೆಗಳನ್ನು ಕಣ್ಣಿಟ್ಟು ನೋಡಿ ಸಣ್ಣ ಕುಣಿಕೆಯೊಳಗೆ, ಆಮೇಲೆ ಹಣಿಗೆಯ ಹಲ್ಲುಗಳ ಸಂದಿಯೊಳಗೆ ದಾಟಿಸಬೇಕು. ಅದು ಅವ್ವನಿಂದ ಆಗದು. ಅಂದರೆ ಅರ್ಧ ತಾಸಿನಲ್ಲಿ, ಒಂದು ಕತ್ತರಿಯಲ್ಲಿ, ನಾನು ಅವಳ ನೇಯ್ಗೆಯನ್ನೇ ಮುಗಿಸಿಬಿಟ್ಟಿದ್ದೆ.

ಅವ್ವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಖಾಲಿ ಹಣಿಗೆಯನ್ನು ಸವರುತ್ತ ಮೆಲ್ಲಗೆ ಹೇಳಿದಳು: "ನಿಮ್ಮಜ್ಜ ಇದನ್ನ ಹೂಡಿದಾಗ ಜಮಖಂಡಿ ರಾಜರ ಕಾಲ. ಆಮ್ಯಾಲೆ ಮುಂಬೈ ಸರಕಾರ ಅಂದ್ರು. ಮೈಸೂರು ಅಂದ್ರು. ಕರ್ನಾಟಕ ಅಂದ್ರು. ಜಿಲ್ಲಾ ಬಿಜಾಪುರ ಇದ್ದದ್ದು ಬಾಗಲಕೋಟಿ ಆತು. ತಾಲೂಕ ಜಮಖಂಡಿ ಇದ್ದದ್ದು ನಮ್ಮ ಊರಿಗೇ ಬಂತು. ಹಣಿಗಿ ಸವದಾಗೂ ಒಂದೊಂದ ಎಳಿ ಬಿಡಿಸಿ ಹೊಸಾದಕ್ಕ ದಾಟಿಸೇವಿ, ಕಡಿದಿಲ್ಲ. ಇಷ್ಟ್ ರಾಜ್ಯ ಬಂದು ಹೋದೂವು, ಎಳಿ ಹರೀಲಿಲ್ಲೋ ತಮ್ಮಾ."

ನನ್ನ ರೋಮಗಳು ನೆಟ್ಟಗಾದವು. ರಾಜ ಹೋದ, ಬ್ರಿಟಿಷರು ಹೋದರು, ರಾಜ್ಯದ ಹೆಸರೇ ಮೂರು ಸಲ ಬದಲಾಯಿತು. ಈ ಪಡಸಾಲೆ ಮಾತ್ರ ಒಂದಡಿ ಕದಲದೆ ಅಷ್ಟೂ ರಾಜ್ಯಗಳಲ್ಲಿ ವಾಸ ಮಾಡಿ ಬಂದಿದೆ. ಇಷ್ಟು ದೊಡ್ಡ ಇತಿಹಾಸ ನಮ್ಮ ಮನೆಯಲ್ಲೇ ಜೋತುಬಿದ್ದಿತ್ತು, ನಾನು ಅದನ್ನು ಕತ್ತರಿಸಿ ನೆಪೋಲಿಯನ್ನನ ಕೊರಳಿಗೆ ಕಟ್ಟಿದ್ದೆ. ನಾಚಿಕೆ ಮುಚ್ಚಿಕೊಳ್ಳಲು ಮೇಷ್ಟ್ರ ಬುದ್ಧಿ ಮುಂದೆ ಬಂತು. ಯಾರಿಗೂ ಬಿಡಿಸಲಾಗದ ಗಂಟನ್ನು ಅಲೆಕ್ಸಾಂಡರ್ ಕತ್ತಿಯಿಂದ ಕಡಿದು ಏಷ್ಯಾ ಗೆಲ್ಲಲು ಹೊರಟ ಕಥೆಯನ್ನು ಹೇಳಿದೆ. ದೊಡ್ಡವರೂ ಕಡಿದಿದ್ದಾರೆ ಎಂಬುದು ನನ್ನ ವಾದ.

ಅವ್ವ ಪೂರ್ತಿ ಕೇಳಿಸಿಕೊಂಡಳು. "ಅವ ಕಡದು ಹೋದ, ಛಲೋ ಆತು. ಆಮ್ಯಾಲೆ ಆ ಹಗ್ಗ ಕೂಡಿಸಿದಾವ್ರು ಯಾರೋ?"

"ಅದು ಪುಸ್ತಕದಾಗ ಬರದಿಲ್ಲವ್ವಾ."

"ಬರ್ಯಾಂಗಿಲ್ಲ ಬಿಡು" ಎಂದಳು.

ಅಂದಿನಿಂದ ಹದಿನೈದು ದಿನ, ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಾನು ಮಗ್ಗದ ಮುಂದೆ ಕುಳಿತೆ. ಹಿಂದಿನಿಂದ ಅವ್ವ ಬೆರಳಿನಿಂದಲೇ ಎಳೆ ಆರಿಸಿ ಕೊಡುತ್ತಾಳೆ, ಈ ಕಡೆಯಿಂದ ನಾನು ಕೊಕ್ಕೆಯಲ್ಲಿ ಎಳೆದುಕೊಳ್ಳುತ್ತೇನೆ. ಬೆನ್ನು ಬಿಲ್ಲಾಯಿತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಮಾಸ್ತರಗ ಈಗ ಸಾಲಿಗೆ ಹಾಕ್ಯಾರ" ಎಂದು ನಕ್ಕುಹೋದರು. ಪ್ರದರ್ಶನದ ದಿನ ಚಕ್ರವರ್ತಿಗಳು ಪ್ಲಾಸ್ಟಿಕ್ ಹಗ್ಗದಲ್ಲಿ ತೂಗಿದರು. ಅವರನ್ನು ನೋಡಿ ನನಗೆ ಮೊದಲಿನಷ್ಟು ಬೆರಗಾಗಲಿಲ್ಲ. ನನ್ನ ಬೆರಗೆಲ್ಲ ಮನೆಯಲ್ಲಿ, ಕಾಣದ ಕಣ್ಣಿನಲ್ಲಿ ಒಂದೂ ತಪ್ಪದೆ ಎಳೆ ಆರಿಸುತ್ತಿದ್ದ ಆ ಸುಕ್ಕುಗಟ್ಟಿದ ಬೆರಳುಗಳ ಮೇಲಿತ್ತು.

ಕೊನೆಯ ಎಳೆ ದಾಟಿದ ದಿನ ಅವ್ವ ಕುಣಿಗೆ ಇಳಿದು ಒಂದು ಗೇಣು ನೇಯ್ದಳು. ಬಟ್ಟೆಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಒಂದ್ ಎಳಿ ಬ್ಯಾರೆ ಸಂದ್ಯಾಗ ಹೋಗೇತಿ. ಸೀರಿ ತುಂಬ ಗೆರಿ ಬೀಳ್ತೈತಿ."

ಸರಿಪಡಿಸಬೇಕೆಂದರೆ ಅಲ್ಲಿಂದ ಮುಂದಿನದೆಲ್ಲ ಬಿಚ್ಚಬೇಕು. "ಬಿಚ್ಚಲೇನವ್ವಾ?" ಎಂದೆ.

"ಬ್ಯಾಡ. ಇರ್ಲಿ" ಎಂದು ಲಾಳಿ ಒಗೆದಳು. ಮಗ್ಗ ನಡೆಯಿತು.

ಆ ಸೀರೆಯನ್ನು ಅವ್ವ ಮಾರಲು ಕೊಡದೆ ತಾನೇ ಉಟ್ಟಳು. ಮೊನ್ನೆ ಅವಳ ಕೈಹಿಡಿದು ಓಣಿಯಲ್ಲಿ ಹೋಗುತ್ತಿದ್ದಾಗ ಪಕ್ಕದ ಮನೆಯ ಸೊಸೆ ನಿಲ್ಲಿಸಿ ಸೆರಗು ಹಿಡಿದು ನೋಡಿದಳು. ನೇಕಾರರ ಕಣ್ಣು, ತಪ್ಪುತ್ತದೆಯೇ? "ಆಯೀ, ಇಲ್ಲಿ ಎಳಿ ತಪ್ಪೇತಲ್ರಿ?"

"ತಪ್ಪಲ್ಲವ್ವಾ" ಎಂದಳು ಅವ್ವ, ಊರಿಗೆಲ್ಲ ಕೇಳುವ ಹಾಗೆ. "ಎಲ್ಲಾ ರಾಜರದೂ ಆತು. ಈಗ ನನ್ನ ಮಗನ ಕಾಲ ಸುರು ಆಗೇತಿ, ಅದರ ಗುರ್ತು ಅದು."

ಮುಂದೆ ಕಟ್ಟುವ ಹಾಸುಗಳೆಲ್ಲ ಇದರ ಬಾಲಕ್ಕೇ ಗಂಟು ಬೀಳುತ್ತವೆ. ಪ್ರತಿ ಸೀರೆಯಲ್ಲೂ ಆ ಗೆರೆ ಇರುತ್ತದೆ. ಇಷ್ಟು ಸಾಮ್ರಾಟರ ಪಾಠ ಮಾಡಿದ್ದೇನೆ. ತನ್ನ ದಡ್ಡತನ ಇಷ್ಟು ನೇರವಾಗಿ, ಇಷ್ಟು ಉದ್ದಕ್ಕೆ ಉಳಿಯುವಂತೆ ಮಾಡಿಕೊಂಡವನು ನನಗೆ ಒಬ್ಬನೂ ನೆನಪಾಗುತ್ತಿಲ್ಲ.