ಪಕ್ಕದ ಮನೆಯ ಸೋರದ ಸೂರು

ಬೇರೆಯವರಿಗೆ ಪಕ್ಕದ ಮನೆಯ ಕಾರು ಕಂಡರೆ, ಒಡವೆ ಕಂಡರೆ ಹೊಟ್ಟೆ ಉರಿಯುತ್ತದೆ. ನನಗೆ ಉರಿಯುವುದು ಪಕ್ಕದ ಮನೆಯ ಸೂರು ಕಂಡರೆ. ನಮ್ಮ ಪುಲ್ಪಳ್ಳಿಯಲ್ಲಿ ಮಳೆಗಾಲ ಬಂತೆಂದರೆ ಈ ಉರಿಗೆ ಒಂದಲ್ಲ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಎರಡೂ ಹೆಂಚಿನ ಮನೆ, ಬೀಳುವುದೂ ಒಂದೇ ಮಳೆ. ನಮ್ಮದು ಸೋರುತ್ತದೆ, ಅವರದು ಸೋರುವುದಿಲ್ಲ.

೧. ಪೆಟ್ಟಿಗೆ

ಆ ಮನೆಯ ಯಜಮಾನರನ್ನು ನಾವು ಚೇಟ್ಟ ಎನ್ನುತ್ತೇವೆ, ಮಲಯಾಳದಲ್ಲಿ ಅಣ್ಣ ಎಂದ ಹಾಗೆ. ಮೆಣಸು ಬೆಳೆಯುವ ಮನುಷ್ಯ. ಮಳೆಗೆ ಮುಂಚೆ ಏಣಿ ಹಾಕಿ ಹತ್ತುತ್ತಾರೆ, ಒಂದೊಂದೇ ಹೆಂಚು ತಟ್ಟಿ ನೋಡುತ್ತಾರೆ, ಸೂರಿನಂಚಿನ ತಗಡಿನ ದೋಣಿಯಲ್ಲಿ ಸಿಕ್ಕಿಕೊಂಡ ಎಲೆ ತೆಗೆಯುತ್ತಾರೆ. ನಾನು ನನ್ನ ದಿನಸಿ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲ ಮುಗಿಸಿ, "ಅಣ್ಣಾ, ನೀವೂ ಒಂದು ಸಲ ಹತ್ತಿ ನೋಡಿ, ಕೇಟ್ಟೋ" ಎನ್ನುತ್ತಾರೆ. ಕೇಳಿಸಿತಾ ಎಂದು ಅದರ ಅರ್ಥ. ಕೇಳಿಸಿದ್ದಕ್ಕೇ ಮೈ ಉರಿಯುವುದು.

ನಮ್ಮಲ್ಲಿ ಮೊದಲ ಮಳೆಗೇ ಪಾತ್ರೆಗಳು ಅಡುಗೆಮನೆ ಬಿಟ್ಟು ನಡುಮನೆಗೆ ಬರುತ್ತವೆ. ಅದನ್ನಾದರೂ ಸಹಿಸಬಹುದು. ಆದರೆ ನನ್ನ ಹೆಂಡತಿ ರೇಷ್ಮೆ ಸೀರೆಗಳ ಪೆಟ್ಟಿಗೆಯನ್ನು ಮಳೆಗಾಲ ಮುಗಿಯುವ ತನಕ ಚೇಟ್ಟನ ಮನೆಯಲ್ಲಿಡುತ್ತಾಳೆ. ಯಾರದಾದರೂ ಮದುವೆಗೆ ಹೊರಟರೆ ಅವಳು ಸೀರೆ ಉಡುವುದು ಅವರ ಮನೆಯಲ್ಲಿ, ನಾನು ಛತ್ರಿ ಹಿಡಿದು ಕಾಯುವುದು ಅವರ ಗೇಟಿನಲ್ಲಿ.

"ಒಂದು ಮಳೆಗಾಲ ಆ ಪೆಟ್ಟಿಗೆ ನಮ್ಮನೇಲೇ ಇರಲಿ ಕಣೇ," ಎಂದೆ.

"ಇರಲಿ ಬಿಡಿ. ಸೀರೆ ನೆನೆಸೋ ಕೆಲಸ ಉಳಿಯುತ್ತೆ."

೨. ಕೋತಿಗಳು

ಈ ವರ್ಷ ಮಳೆಗೆ ಮುಂಚೆ ಅಂಗಡಿಯಲ್ಲಿ ಕಪ್ಪಾದ ಬಾಳೆಹಣ್ಣು ಉಳಿದಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಅಷ್ಟನ್ನೂ ಚೇಟ್ಟನ ಸೂರಿನ ಮೇಲೆ ಎಸೆದೆ. ಕೋತಿಗಳು ಕುಣಿದರೆ ಒಂದು ಹೆಂಚಾದರೂ ಜಾರದೇ ಇರುತ್ತದೆಯೇ?

ಕೋತಿಗಳು ಬಂದವು. ಹಣ್ಣನ್ನೆಲ್ಲ ಬಾಚಿಕೊಂಡು, ಹಲಸಿನ ಕೊಂಬೆಯ ನೆರಳಿದೆಯೆಂದು ನಮ್ಮ ಸೂರಿನ ಮೇಲೆ ಬಂದು ಕೂತವು. ಕೊನೆಯ ಹಣ್ಣಿಗೆ ಜಗಳ ಹತ್ತಿ ನಮ್ಮ ಹೆಂಚುಗಳು ಪುಡಿಯಾದವು.

ಚೇಟ್ಟ ತಾವು ತೆಗೆದಿಟ್ಟಿದ್ದ ಹೆಚ್ಚಿನ ಹೆಂಚುಗಳನ್ನು ಹೊತ್ತುಕೊಂಡು ಬಂದರು. "ಪಾಪ, ಕೋತಿದೇನು ತಪ್ಪು ಅಣ್ಣಾ? ಯಾರೋ ಬುದ್ಧಿ ಇಲ್ಲದವರು ಹಣ್ಣು ಎಸೆದಿದ್ದಾರೆ."

ಹೆಂಡತಿ ನನ್ನ ಅಂಗಡಿಯ ಬಾಳೆಗೊನೆಯ ಕಡೆ ನೋಡಿದಳು. ನಾನು ಆಕಾಶದ ಕಡೆ ನೋಡಿದೆ.

೩. ನನ್ನ ತಪಾಸಣೆ

ಅಂದೇ ಹಟ ಹಿಡಿದೆ. ಅವರ ಸೂರಿನಲ್ಲಿ ಒಂದಾದರೂ ಹುಳುಕು ಕಂಡುಹಿಡಿಯಲೇಬೇಕು. ಅದು ಸರಿಯಾಗಿ ಕಾಣುವುದು ನಮ್ಮ ಸೂರಿನ ತುದಿಯಿಂದ ಮಾತ್ರ. ಹತ್ತಿದೆ. ಎಲೆಗಳ ಮೇಲೆ ಕಾಲು ಜಾರುತ್ತಿತ್ತು, ಗುಡಿಸಿ ಹಾಕಿದೆ. ಹಲಸಿನ ಕೊಂಬೆ ಅಡ್ಡ ಬರುತ್ತಿತ್ತು, ಕಡಿಸಿದೆ. ಕೂತರೆ ಒಡೆದ ಹೆಂಚು ಚುಚ್ಚುತ್ತಿತ್ತು, ಚೇಟ್ಟ ಕೊಟ್ಟ ಹೆಂಚುಗಳನ್ನೇ ಹಾಕಿಕೊಂಡೆ. ದಿನಾ ಸಂಜೆ ಅಲ್ಲೇ ನನ್ನ ಬೈಠಕ್ಕು.

ಕೊನೆಗೆ ಒಂದು ಸಂಜೆ ಕಂಡಿತು. ಅವರ ಮಲಗುವ ಕೋಣೆಯ ನೇರಕ್ಕೆ, ಬಿರುಕು ಬಿಟ್ಟ ಹೆಂಚು! ಕೆಳಗಿಳಿದು ಎರಡನೇ ಲೋಟ ಕಾಫಿ ಕೇಳಿದೆ.

"ಏನ್ರೀ, ಮುಖ ಇಷ್ಟು ಅರಳಿದೆ?"

"ಮೇಲಿನಿಂದ ಊರು ಬಹಳ ಚಂದ ಕಾಣುತ್ತೆ ಕಣೇ," ಎಂದೆ.

೪. ಪೆಟ್ಟಿಗೆ ಮನೆಗೆ ಬಂತು

ಮುಂಗಾರು ಮಳೆ ಹಿಡಿಯಿತು. ಹೆಂಡತಿ ಎಂದಿನಂತೆ ನಡುಮನೆಯಲ್ಲಿ ಪಾತ್ರೆ ಜೋಡಿಸಿದಳು. ಒಂದರಲ್ಲೂ ಒಂದು ಹನಿ ಬೀಳಲಿಲ್ಲ. ನಾನು ಕತ್ತೆತ್ತಿಕೊಂಡು ಕೋಣೆಯಿಂದ ಕೋಣೆಗೆ ಓಡಾಡಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಚೇಟ್ಟ, ತಲೆಯ ಮೇಲೆ ನಮ್ಮ ಸೀರೆ ಪೆಟ್ಟಿಗೆ. ಹಿಂದೆ ಅವರ ಹೆಂಡತಿ, ತಮ್ಮ ಪೆಟ್ಟಿಗೆ ಹಿಡಿದುಕೊಂಡು.

"ಮಲಗೋ ಕೋಣೆ ಪೂರಾ ಸೋರ್ತಾ ಇದೆ ಅಣ್ಣಾ."

"ಅಯ್ಯೋ, ಈ ಸಲ ಹತ್ತಿ ನೋಡಲಿಲ್ವಾ?" ಎಂದು ದನಿಗೆ ಸಕ್ಕರೆ ಬೆರೆಸಿ ಕೇಳಿದೆ.

"ಮಂಡಿ ನೋವು. ಆದರೆ ನೀವು ದಿನಾ ಮೇಲೆ ಕೂತು ನಮ್ಮ ಹೆಂಚೇ ನೋಡ್ತಿದ್ರಲ್ಲಾ. ಏನಾದ್ರೂ ಇದ್ರೆ ಅಣ್ಣ ಹೇಳ್ತಾರೆ ಅಂತ ಧೈರ್ಯವಾಗಿದ್ದೆ."

ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಅಷ್ಟೇ, ನಮ್ಮ ಕೋಣೆ ಅವರಿಗಾಯಿತು, ಮಂಡಿ ನೋವಿನವರಿಗೆಂದು ನನ್ನ ಮಂಚವೂ ಹೋಯಿತು. ನಾನು ಅಂಗಡಿಯಲ್ಲಿ ಅಕ್ಕಿ ಮೂಟೆಗಳ ನಡುವೆ ಚಾಪೆ ಹಾಸಿದೆ. ಇರಲಿ, ಪೆಟ್ಟಿಗೆಯಂತೂ ನಮ್ಮ ಮನೆಗೆ ಬಂತು, ಇನ್ನು ಅವಳ ಬಾಯಲ್ಲಿ ಚೇಟ್ಟನ ಗುಣಗಾನ ಬರಲಾರದು ಎಂದು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಅವಳೇ ಬಂದು ಎಬ್ಬಿಸಿದಳು.

"ರೀ, ಬೇಗ ಎದ್ದು ಬನ್ನಿ. ಚೇಟ್ಟ ಹೊದಿಕೆ ಎಷ್ಟು ಚಂದ ಮಡಿಸಿಟ್ಟಿದ್ದಾರೆ, ಬಂದು ನೋಡಿ ಕಲೀರಿ!"