ಕೊಳೆ ಸ್ಕೂಟರಿನ ಗಾಳಿಶಾಸ್ತ್ರ

ಸೋಮಾರಿತನಕ್ಕೆ ಶಾಸ್ತ್ರದ ಆಧಾರ ಸಿಕ್ಕಿಬಿಟ್ಟರೆ ಅದರಷ್ಟು ಸುಖ ಬೇರೆ ಇಲ್ಲ. ಕುಂದಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ನನಗೆ ಆ ಸುಖ ಸಿಕ್ಕಿದ್ದು ಗಾಲ್ಫ್ ಚೆಂಡಿನಿಂದ. ಆ ಚೆಂಡನ್ನು ನಾನು ಕೈಯಲ್ಲಿ ಹಿಡಿದವನಲ್ಲ. ನಮ್ಮ ಬಸ್ರೂರಿನಲ್ಲಿ ಗಾಲ್ಫ್ ಆಡಹೊರಟರೆ ಚೆಂಡು ಯಾರದಾದರೂ ಗದ್ದೆಯ ಕೆಸರಿಗೇ ಬೀಳಬೇಕು. ಆದರೆ ಅದರ ಮೈಮೇಲಿನ ಗುಳಿಗಳು ಗಾಳಿಯನ್ನು ಬೇಗ ಮೈಬಿಟ್ಟು ಹೋಗಗೊಡದೆ ಹಿಂದಿನ ಎಳೆತವನ್ನು ತಗ್ಗಿಸುತ್ತವೆ, ನುಣುಪು ಚೆಂಡಿಗಿಂತ ಅದು ದೂರ ಹಾರುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದ್ದೇನೆ. ಹಾಗಾಗಿ ನನ್ನ ಸ್ಕೂಟರ್ ಯಾಕೆ ಹೀಗೆ ಕೆಸರು ಹಿಡಿದು ನಿಂತಿದೆ ಎಂದು ಹೆಂಡತಿ ಶಾರದೆ ಕೇಳಿದಾಗ, ಅದು ಕೆಸರಲ್ಲ, ಗಾಳಿ ಸೀಳುವ ಏರ್ಪಾಡು ಎಂದೆ.

ಶಾರದೆ ತನ್ನ ಸ್ಕೂಟರನ್ನು ಹಬ್ಬದ ಹಂಡೆಯಂತೆ ಉಜ್ಜಿಡುವವಳು. ಒರೆಸುವ ಬಟ್ಟೆ ಹಿಂಡುತ್ತಲೇ ಕೇಳಿದಳು: "ಹಾಂಗಾರೆ ವಿಮಾನ ಎಂತಕ್ ತೊಳೂದ್?"

ರೆಕ್ಕೆಯ ಆಕಾರ ಬೇರೆ, ಚೆಂಡಿನ ಆಕಾರ ಬೇರೆ, ನುಣುಪು ರೆಕ್ಕೆಗೆ ಕೊಳೆ ಕೂತರೆ ಎಳೆತ ಹೆಚ್ಚುತ್ತದೆ ಎಂದು ಒಪ್ಪಿಕೊಂಡೆ. ನಿಮ್ಮ ಸ್ಕೂಟರ್ ಚೆಂಡೋ ರೆಕ್ಕೆಯೋ ಎಂದಳು. ಅದನ್ನು ಯಾವ ಪಠ್ಯದಲ್ಲೂ ಹೇಳಿಲ್ಲ. ಮಾತು ಪಣಕ್ಕೆ ಬಂತು. ಗುಲ್ವಾಡಿ ಕಡೆಯ ಸೇತುವೆಯ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಇಬ್ಬರೂ ಗಾಡಿ ಬಿಡುವುದು. ಮೊದಲು ನಿಂತವರು ಇನ್ನು ಪ್ರತಿ ಭಾನುವಾರ ಎರಡೂ ಗಾಡಿ ತೊಳೆಯುವುದು. ಗಾಡಿಗಳು ಒಂದೇ ತರದವು. ತೂಕದಲ್ಲಿ ನಾನೇ ಮುಂದು, ಇಳಿಜಾರಿನಲ್ಲಿ ಅದೂ ಲಾಭವೇ. ಇದನ್ನು ಮಾತ್ರ ನಾನು ಅವಳಿಗೆ ಪಾಠ ಮಾಡಲಿಲ್ಲ.

ಪಂಚೆ ಎತ್ತಿ ಕಟ್ಟಿ ಹೊರಟೆ. ಅರ್ಧ ಇಳಿಯುವಾಗ ನಾನೇ ಮುಂದಿದ್ದೆ. ಅಷ್ಟರಲ್ಲಿ ಎದುರಿನಿಂದ, ಚಿಕ್ಕಂದಿನಲ್ಲಿ ನನಗೆ ಮಗ್ಗಿ ಕಲಿಸಿದ ಮೇಷ್ಟ್ರು ನಡೆದು ಬಂದರು. ಹಿರಿಯರೆದುರು ಪಂಚೆ ಮೇಲೆ ಕಟ್ಟಿರುವುದುಂಟೇ? ಎಡಗೈ ತಾನಾಗಿ ಕಟ್ಟು ಬಿಚ್ಚಿತು. ಹೊಳೆಗಾಳಿ ಒಳಹೊಕ್ಕಿತು. ಪಂಚೆ ದೋಣಿಯ ಹಾಯಿಯಂತೆ ಉಬ್ಬಿತು, ಅದೂ ಗಾಡಿಯನ್ನು ಹಿಂದಕ್ಕೆ ಎಳೆಯುವ ಹಾಗೆ. ಶಾರದೆ ಮೇಷ್ಟ್ರಿಗೆ ತಲೆಬಾಗಿ ಸರ್ರನೆ ದಾಟಿ ಹೋದಳು. ನನ್ನ ಗಾಡಿ ಬುಟ್ಟಿ ಇಟ್ಟು ಕೂತಿದ್ದ ಮೀನಿನವಳ ಮುಂದೆ ಬಂದು ನಿಂತಿತು.

"ಹ್ವಾಯ್, ಮೊದ್ಲ್ ಪಂಚಿ ಕಟ್ಕಣಿ, ಆಮೇಲ್ ಮೀನ್ ಕಾಂಬ" ಎಂದಳು ಆಕೆ.

ಸೋತದ್ದು ಪಂಚೆ, ಕೆಸರಲ್ಲ ಎಂದು ಮನೆಗೆ ಬಂದು ವಾದಿಸಿದೆ. ಪ್ಯಾಂಟು ಹಾಕಿಕೊಂಡು ಪ್ರಯೋಗ ಮತ್ತೊಮ್ಮೆ ಆಗಬೇಕು, ವಿಜ್ಞಾನದ ನಿಯಮವೇ ಅದು ಎಂದೆ. ಶಾರದೆ ಅಡ್ಡಿ ಹೇಳಲೇ ಇಲ್ಲ. ಗಾಡಿ ಮೊದಲಿನಷ್ಟೇ ಕೊಳೆಯಾದ ದಿನ ಹೇಳಿ, ಬರುತ್ತೇನೆ ಎಂದು ಬಕೆಟ್ ನನ್ನ ಕೈಗಿತ್ತಳು. ಅಂದಿನಿಂದ ಪ್ರತಿ ಭಾನುವಾರ ನನ್ನ ಸಿದ್ಧಾಂತದ ಏಕೈಕ ಸಾಕ್ಷ್ಯವನ್ನು ನಾನೇ ಸೋಪು ಹಾಕಿ ತಿಕ್ಕಿ ತೊಳೆಯುತ್ತಿದ್ದೇನೆ.